ಮಾರ್ಜಾರವೂ ಮಾರ್ಜನಿಯೂ

ಶ್ರಾವಣಮಾಸದಲ್ಲಿ ಆಪ್ತೇಷ್ಟರನ್ನೂ ಹಳೆಯ ಶಿಷ್ಯರನ್ನೂ ಕಂಡು ಬರುವದು ನಾವು ಪಾಠಶಾಲೆಯ ಕೆಲಸದಿಂದ ನಿವೃತ್ತರಾದಂದಿನಿಂದ ಇಟ್ಟುಕೊಂಡ ರೂಢಿಯಾಗಿದೆ. ಚಿಕ್ಕೋಡಿಯ ನಮ್ಮ ಮನೆಯಿಂದ ಹೊರಟು ಮೊದಲು ಪಶ್ಚಿಮಕ್ಕೆ ನಿಪ್ಪಾಣಿ, ಅಲ್ಲಿಂದ ಮರಳಿ ಪೂರ್ವದ ಕಡೆಗೆ ರಾಯಬಾಗ, ಕಾಗವಾಡ, ಅಥಣಿ, ಹೀಗೆ ಸುತ್ತಿ ಎಂಟು ಹತ್ತು ದಿನಗಳಲ್ಲಿ ತಿರುಗಿ ಮನೆ ಸೇರುವೆವು. ನಿಪ್ಪಾಣಿಯೂ ಕಾಗವಾಡವೂ ಈಚೆಗೆ ಪ್ರತ್ಯೇಕ ತಾಲೂಕುಗಳಾಗಿರುವದರಿಂದ ನಮ್ಮ ಮನೆಯವರು ಇದಕ್ಕೆ ಪಂಚತಾಲೂಕು ಯಾತ್ರೆಯೆಂದು ಹೆಸರಿಟ್ಟಿದ್ದಾರೆ. ಪ್ರತಿವರ್ಷ ತುಂಬಿದ ಕೃಷ್ಣೆಯನ್ನೂ, ಕಬ್ಬಿನ ಹೊಲಗಳನ್ನೂ, ಬಸದಿ ಮಠಗಳನ್ನೂ ನೋಡುತ್ತ ಹೋಗುತ್ತಿದ್ದ ನಾವು ಈ ಸಲ ಕಂಡವರ ಮನೆಯ ನೆಲವನ್ನೇ ನೋಡುತ್ತ ಹೋದೆವು. ಅದಕ್ಕೆ ಕಾರಣವಾದ ಪ್ರಾಣಿಯು ಎಳ್ಳಿನ ಕಾಳಿಗಿಂತಲೂ ಚಿಕ್ಕದು, ಬಣ್ಣ ಕಂದು, ರೆಕ್ಕೆಯಿಲ್ಲ, ಆದರೂ ಹಿಡಿಯಹೋದ ಕೈಗೆ ಸಿಕ್ಕದು. ಕನ್ನಡದಲ್ಲಿ ಅದನ್ನು ಚಿಗಟವೆನ್ನುತ್ತೇವೆ. ನಮ್ಮ ಗಡಿಯ ಮರಾಠಿ ಮಾತಿನಲ್ಲಿ ಅದು ಪಿಸೂ. ಇಂಥ ಕ್ಷುದ್ರಜಂತುವಿನ ವಿಷಯವಾಗಿ ಇಷ್ಟು ಕಾಗದವನ್ನು ಕೆಡಿಸುವದೇಕೆಂದು ಕೆಲವರು ಕೇಳಬಹುದು. ಬೆಕ್ಕು ಸಾಕಿದ ಮನೆಯ ಗೃಹಿಣಿಯರು ಮಾತ್ರ ಕೇಳಲಾರರೆಂದು ನಂಬಿದ್ದೇವೆ.

ನಿಪ್ಪಾಣಿಯಲ್ಲಿ ನಮ್ಮ ಅಕ್ಕನ ಮನೆ. ಆ ಊರನ್ನು ಕಣ್ಣು ಮುಚ್ಚಿಕೊಂಡು ಪ್ರವೇಶಿಸಿದರೂ ಗುರುತು ಹಿಡಿಯಬಹುದು. ಬೀಡಿಯ ತಂಬಾಕಿನ ಘಾಟು ಮೊದಲೇ ಬಂದು ಎದುರುಗೊಳ್ಳುತ್ತದೆ. ತಲೆಮಾರುಗಳಿಂದ ಊರಿನ ಅನ್ನವೆಲ್ಲ ಈ ಎಲೆಯಿಂದಲೇ ಬಂದುದು. 1981ರಲ್ಲಿ ಈ ಎಲೆಗೆ ತಕ್ಕ ಬೆಲೆ ಬೇಕೆಂದು ರೈತರು ಹೆದ್ದಾರಿಯ ಮೇಲೆಯೇ ವಾರಗಟ್ಟಲೆ ಬೀಡುಬಿಟ್ಟು ಕುಳಿತರು. ಕೊನೆಗೆ ಗೋಲಿಬಾರೂ ಆಯಿತು. ನಮ್ಮ ಭಾವನವರೂ ಒಂದು ವಖಾರಿಯಲ್ಲಿ ಲೆಕ್ಕ ಬರೆದು ಮುಪ್ಪಾದವರು. ಮನೆ ಹಳೆಯದು, ಹೆಂಚಿನದು. ಪಡಸಾಲೆಗೆ ಮಣ್ಣಿನ ನೆಲ, ನಡುಮನೆಗೆ ಶಹಾಬಾದಿ ಪರಸಿ. ಘಟ್ಟಕ್ಕೆ ಸಮೀಪವಾದ ಊರಾದುದರಿಂದ ಮಳೆಗಾಲದಲ್ಲಿ ಅಲ್ಲಿಯ ಗೋಡೆಗಳು ಬೆವರುತ್ತವೆ; ಬಟ್ಟೆಯು ಮೂರು ದಿನ ಒಣಗುವದಿಲ್ಲ.

ನಾವು ಹೋಗಿ ಪಡಸಾಲೆಯಲ್ಲಿ ಕುಳಿತು ಐದು ನಿಮಿಷಗಳಾಗಿರಲಿಲ್ಲ. ಬಿಳಿಯ ಧೋತರದ ಮೇಲೆ ಮೂರು ಕರಿಯ ಚುಕ್ಕೆಗಳು ಕಾಣಿಸಿದವು. ಬೆರಳು ಚಾಚುವದರೊಳಗೆ ಅವು ಇರಲಿಲ್ಲ. ಮೀನಖಂಡದಲ್ಲಿ ಉರಿ ಮಾತ್ರ ಉಳಿಯಿತು. ಅಕ್ಕನ ಮೊಮ್ಮಗಳು, ನಾಲ್ಕು ವರುಷದ ಕೂಸು, ಕಾಲ್ಗಂಟಿನ ಸುತ್ತ ಕೆಂಪು ಗಂದೆಗಳನ್ನು ಕೆರೆದು ಕೆರೆದು ಹುಣ್ಣು ಮಾಡಿಕೊಂಡಿತ್ತು. ಮನೆಯಲ್ಲಿ ಒಂದು ತಾಯಿಬೆಕ್ಕು, ಆರು ವಾರಗಳ ಮೂರು ಮರಿಗಳು. ಮರಿಗಳ ಹೊಟ್ಟೆಯ ರೋಮವನ್ನು ಸರಿಸಿ ನೋಡಿದರೆ ಚಿಗಟಗಳು ಸಂತೆಯಲ್ಲಿ ಜನ ಓಡಾಡುವಂತೆ ಓಡಾಡುತ್ತಿದ್ದವು. ಅವುಗಳ ಒಸಡುಗಳು ಬಿಳಿಚಿಕೊಂಡಿದ್ದವು. ಅಷ್ಟು ಚಿಕ್ಕ ದೇಹದಲ್ಲಿ ರಕ್ತವಾದರೂ ಎಷ್ಟಿದ್ದೀತು?

ಭಾವನವರ ನಿರ್ಣಯವು ಆಗಲೇ ಆಗಿಹೋಗಿತ್ತು. ಒಂದು ಗೋಣಿಚೀಲವನ್ನು ಜಾಡಿಸಿ ಬಾಗಿಲ ಹಿಂದೆ ಇಟ್ಟಿದ್ದರು. ಬರುವ ಸಂತೆಯ ದಿನ ನಾಲ್ಕೂ ಬೆಕ್ಕುಗಳನ್ನು ಅದರಲ್ಲಿ ತುಂಬಿ ವೇದಗಂಗೆಯ ಆಚೆಗೆ ಬಿಟ್ಟುಬರುವದು. ಅಕ್ಕನು ಒಪ್ಪಲಿಲ್ಲ. ಜೋಳದ ಚೀಲಗಳಿಗೆ ಇಲಿ ಮುಟ್ಟದಂತೆ ಐದು ವರ್ಷ ಕಾಯ್ದ ಬೆಕ್ಕು ಅದು. ಮೇಲಾಗಿ ಕೂಸು ಅದನ್ನು ತಬ್ಬಿಕೊಂಡೇ ಮಲಗುವದು. ನಾವು ನಡುವೆ ಬಿದ್ದು ಪಂಚತಂತ್ರದ ಮಂದವಿಸರ್ಪಿಣಿಯ ಕಥೆಯನ್ನು ಹೇಳಿದೆವು. ಅತಿಥಿಯಾಗಿ ಬಂದ ತಗಣಿಯು ಅವಸರಪಟ್ಟು ರಾಜನನ್ನು ಕಚ್ಚಿ ಪಾರಾಯಿತು. ಬಹುಕಾಲದಿಂದ ಅದೇ ಹಾಸಿಗೆಯಲ್ಲಿ ಸದ್ದಿಲ್ಲದೆ ಬಾಳಿದ್ದ ಹೇನು ಸಿಕ್ಕಿಬಿದ್ದು ಸತ್ತಿತು. ಒಬ್ಬರ ಅಪರಾಧಕ್ಕೆ ಇನ್ನೊಬ್ಬರಿಗೆ ಶಿಕ್ಷೆಯಾಗಬಾರದೆಂದು ನಮ್ಮ ಅಭಿಪ್ರಾಯ. ಭಾವನವರು ಶಾಂತರಾಗಿ ಕೇಳಿ, “ಆ ರಾಜನಿಗೆ ಹಾಸಿಗೆ ಬದಲಿಸಲು ರೊಕ್ಕವಿತ್ತು” ಎಂದರು. ಔಷಧಿಯ ಅಂಗಡಿಯಲ್ಲಿ ಬೆಕ್ಕಿನ ಕತ್ತಿಗೆ ಹಾಕುವ ಹನಿಯ ಬೆಲೆಯನ್ನು ಅವರು ವಿಚಾರಿಸಿ ಬಂದಿದ್ದರು. ಒಂದು ಬೆಕ್ಕಿಗೆ ಒಂದು ತಿಂಗಳಿಗೆ ಸುಮಾರು 300 ರೂಪಾಯಿ. ನಾಲ್ಕು ಬೆಕ್ಕು, ಮೂರು ತಿಂಗಳು. ಲೆಕ್ಕದವರಿಗೆ ನಾವೇನು ಗುಣಾಕಾರ ಕಲಿಸುವದು?

ಮುಂದಿನ ತಪ್ಪು ನಮ್ಮದೇ. ದನಗಳ ಹೇನಿಗೂ ಗಿಡಗಳ ಹುಳಕ್ಕೂ ತಂಬಾಕಿನ ದಂಟು ನೆನೆಸಿದ ನೀರನ್ನು ಬಳಸುವದನ್ನು ನಾವು ಬಾಲ್ಯದಲ್ಲಿ ಕಂಡಿದ್ದೆವು. ನಿಪ್ಪಾಣಿಯಲ್ಲಿ ದಂಟಿಗೆ ಯಾವ ಬೆಲೆ? ಖರ್ಚಿಲ್ಲದ ಉಪಾಯವೆಂದು ಹೆಮ್ಮೆಯಿಂದ ಹೇಳಿ, ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಅರಿವೆಯಲ್ಲಿ ಅದ್ದಿ, ಮೂರು ಮರಿಗಳಲ್ಲಿ ಎಲ್ಲಕ್ಕೂ ಹೆಚ್ಚು ಚಿಗಟಗಳಿದ್ದ ಬೂದುಬಣ್ಣದ ಮರಿಗೆ ನಾವೇ ಒರೆಸಿದೆವು. ಚಿಗಟಗಳು ಉದುರಿದವು, ಅದು ಸುಳ್ಳಲ್ಲ. ಮರಿಯು ಬಿಸಿಲಿಗೆ ಕುಳಿತು ಮೈ ನೆಕ್ಕಿಕೊಳ್ಳತೊಡಗಿತು. ಸ್ವಲ್ಪ ಹೊತ್ತಿಗೆ ಬಾಯಿಂದ ಜೊಲ್ಲು ಸುರಿಯಿತು; ವಾಂತಿಯಾಯಿತು; ಹಿಂಗಾಲುಗಳು ನಡುಗಿದವು. ಹಾಲು ಕುಡಿಸಹೋದೆವು, ಕುಡಿಯಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಸತ್ತಿತ್ತು. ಕೂಸು ಏನೂ ಕೇಳದೆ ನಮ್ಮ ಕೈಗಳನ್ನೇ ನೋಡುತ್ತಿತ್ತು.

ಮೂವತ್ತಕ್ಕೂ ಹೆಚ್ಚು ವರ್ಷ ಅಮರಕೋಶವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು ನಾವು. ಬೆಕ್ಕಿಗೆ ಅಲ್ಲಿ ಹಲವು ಹೆಸರುಗಳು: ಇಲಿಯನ್ನು ತಿನ್ನುವದರಿಂದ ಆಖುಭುಕ್, ಸದಾ ತನ್ನ ಮೈಯನ್ನು ಒರೆಸಿ ಶುದ್ಧಿಮಾಡಿಕೊಳ್ಳುವದರಿಂದ ಮಾರ್ಜಾರ. ಶುದ್ಧಿಯ ಅರ್ಥದ ಮೃಜ್ ಧಾತುವಿನಿಂದ ಬಂದ ಶಬ್ದವೆಂದು ಎಷ್ಟು ಸಲ ಹೇಳಿದ್ದೇವೆಯೋ! ಬೆಕ್ಕಿನ ಮೈಗೆ ಹಚ್ಚಿದುದೆಲ್ಲ ಅದರ ಹೊಟ್ಟೆಗೆ ಹೋಗುವದೆಂಬುದು ಆ ಹೆಸರಿನಲ್ಲಿಯೇ ಇದೆ. ವ್ಯುತ್ಪತ್ತಿಯನ್ನು ಬಲ್ಲವರಿಗೆ ಅದು ಹೊಳೆಯಲಿಲ್ಲ. ತಂಬಾಕಿನ ಸಾರವಾದ ನಿಕೋಟಿನ್ ನೆಕ್ಕಿದಾಗ ಮಾತ್ರವಲ್ಲ, ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಹಸಿ ಎಲೆ ಕೀಳುವ ಹೆಣ್ಣುಮಕ್ಕಳಿಗೆ ತಲೆಸುತ್ತು ವಾಂತಿಗಳು ಬರುವದನ್ನು ಅದೇ ಊರಿನವರು ಬಲ್ಲರು.

ಅಕ್ಕನಿಂದ ಎರಡು ವಾರಗಳ ಗಡುವನ್ನು ಪಡೆದು, ಭಾವನವರಿಂದ ಚೀಲವನ್ನು ಮುಟ್ಟುವದಿಲ್ಲವೆಂಬ ಮಾತನ್ನು ಪಡೆದು, ನಾವು ಬಸ್ಸು ಹತ್ತಿದೆವು. ದಾರಿಯಲ್ಲಿ ನಮ್ಮ ಅಜ್ಜಿಯ ಮಾತುಗಳು ನೆನಪಾದವು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳೊಳಗೆ ನಮ್ಮ ಬೆಳಗಾಂವಿ ಧಾರವಾಡ ಪ್ರಾಂತಗಳನ್ನು ಹೊಕ್ಕಿತು. ಬಳಿಕ ಎಷ್ಟೋ ವರ್ಷ ಹೋಗಿ ಹೋಗಿ ಬಂದಿತು. ಮನೆಯಲ್ಲಿ ಇಲಿ ಬಿದ್ದು ಸತ್ತಿತೆಂದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಹೊರಬೀಳುತ್ತಿತ್ತು. ಆ ರೋಗವನ್ನು ಇಲಿಯಿಂದ ಮನುಷ್ಯನಿಗೆ ತರುವದು ಚಿಗಟವೆಂಬುದನ್ನು 1898ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದವನು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ. ಕೆಲವು ವರ್ಷ ಪಂಡಿತರು ಅವನನ್ನು ನಂಬಲಿಲ್ಲ. ಮುಂದೆ 1908ರಲ್ಲಿ ಆಂಡ್ರ್ಯೂ ಬುಕಾನನ್ ಎಂಬ ಸರಕಾರಿ ವೈದ್ಯಾಧಿಕಾರಿಯು ಬೆಕ್ಕುಗಳನ್ನು ಸಾಕಿದರೆ ಇಲಿಗಳು ಕಡಿಮೆಯಾಗಿ ಪ್ಲೇಗಿನ ಭಯವೂ ತಗ್ಗುವದೆಂದು ಬರೆದನು. ಇಲಿಯ ಚಿಗಟ ಬೇರೆ, ಬೆಕ್ಕಿನ ಚಿಗಟ ಬೇರೆ. ಆದರೂ ಒಂದು ಕಾಲಕ್ಕೆ ಚಿಗಟದ ಭಯದಿಂದಲೇ ಮನೆಗೆ ಕರೆಯಿಸಿಕೊಂಡ ಬೆಕ್ಕನ್ನು ಇಂದು ಚಿಗಟದ ನೆವದಿಂದಲೇ ಹೊರಗೆ ಹಾಕುವ ಸಂದರ್ಭ ಬಂದಿತಲ್ಲ ಎಂದುಕೊಂಡೆವು.

ರಾಯಬಾಗದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಾಘದಲ್ಲಿ ಬಂದವರಿಗೆ ಹತ್ತಿರದ ಚಿಂಚಲಿಯ ಮಾಯಕ್ಕನ ಜಾತ್ರೆ, ಕಂಬಳಿ ಹೊದ್ದ ಕುರುಬರು, ಭಂಡಾರದ ಹಳದಿ ಇವೆಲ್ಲ ನೋಡಲು ಸಿಗುತ್ತವೆ. ಶ್ರಾವಣದಲ್ಲಿ ಕೆಸರೇ ಹೆಚ್ಚು. ನಮಗೆ ಬೇಕಾದದ್ದು ಪಶುವೈದ್ಯರು. ಹಳೆಯ ಶಿಷ್ಯನೊಬ್ಬನು ಆ ಕೆಲಸದಲ್ಲಿದ್ದಾನೆ. ಮರಿಯ ವೃತ್ತಾಂತವನ್ನು ಕೇಳಿ ಅವನು ಗುರುಗಳೆಂಬ ದಾಕ್ಷಿಣ್ಯದಿಂದ ಬೈಯಲಿಲ್ಲ, ಅಷ್ಟೆ. ಬಳಿಕ ನಮ್ಮನ್ನೇ ವಿದ್ಯಾರ್ಥಿಯನ್ನಾಗಿ ಮಾಡಿಕೊಂಡು ಒಂದು ತಾಸು ಪಾಠ ಹೇಳಿದನು.

ಅವನ ಪಾಠದ ಸಾರವಿದು. ಬೆಕ್ಕಿನ ಮೈಮೇಲೆ ಕಾಣುವ ಚಿಗಟಗಳು ಮನೆಯಲ್ಲಿರುವ ಸಂತತಿಯ ನೂರರಲ್ಲಿ ಐದು ಪಾಲು ಮಾತ್ರ. ಹೆಣ್ಣುಚಿಗಟವು ದಿನಕ್ಕೆ 20ಕ್ಕೂ ಮೇಲ್ಪಟ್ಟು, ಒಮ್ಮೊಮ್ಮೆ 40ರವರೆಗೆ ತತ್ತಿ ಇಡುತ್ತದೆ. ತತ್ತಿಗಳು ನುಣುಪಾದುದರಿಂದ ರೋಮದಲ್ಲಿ ನಿಲ್ಲದೆ, ಬೆಕ್ಕು ಮಲಗಿದಲ್ಲಿ ಎದ್ದಲ್ಲಿ ಉಪ್ಪು ಉದುರಿದಂತೆ ಉದುರುತ್ತವೆ. ಕೆಲವು ದಿನಗಳಲ್ಲಿ ಒಡೆದು ಅವುಗಳಿಂದ ಕೂದಲೆಳೆಯಂಥ ಬಿಳಿಯ ಹುಳಗಳು ಹೊರಡುತ್ತವೆ. ಈ ಹುಳಗಳು ಕಚ್ಚುವದಿಲ್ಲ. ಬೆಳಕನ್ನು ಕಂಡರೆ ಓಡಿ ನೆಲದ ಬಿರುಕು, ಪರಸಿಯ ಸಂದು, ಹಾಸಿಗೆಯ ಅಡಿ ಇವುಗಳನ್ನು ಸೇರುತ್ತವೆ. ಹಿರಿಯ ಚಿಗಟಗಳ ಮಲವಾಗಿ ಉದುರುವ ಒಣರಕ್ತವೇ ಅವುಗಳ ಆಹಾರ. (ಬೆಕ್ಕಿನ ಮೈಯಿಂದ ಉದುರಿದ ಕರಿಯ ಹಿಟ್ಟನ್ನು ಒದ್ದೆಯಾದ ಬಿಳಿಯ ಅರಿವೆಯ ಮೇಲಿಟ್ಟರೆ ಸುತ್ತ ಕೆಂಪು ಹರಡುವದು, ಚಿಗಟಗಳಿವೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಸುಲಭವಾದ ಪರೀಕ್ಷೆಯಿಲ್ಲ.) ಆಮೇಲೆ ಅವು ಅಂಟಾದ ಗೂಡು ಕಟ್ಟಿಕೊಳ್ಳುತ್ತವೆ, ಗೂಡಿಗೆ ಧೂಳು ಮೆತ್ತಿಕೊಂಡು ಅದು ಕಣ್ಣಿಗೆ ಬೀಳದಂತಾಗುತ್ತದೆ. ಅದರೊಳಗಿನ ಚಿಗಟವು ಬಲಿತ ಮೇಲೂ ಹೊರಗೆ ಬರಲೇಬೇಕೆಂದಿಲ್ಲ, ತಿಂಗಳುಗಟ್ಟಲೆ ಕಾಯಬಲ್ಲದು. ಕಾಲಸಪ್ಪಳದ ನಡುಕ, ಮೈಯ ಬಿಸಿ, ಬಿಟ್ಟ ಉಸಿರು ಇವುಗಳಿಂದ ಯಾರೋ ಬಂದರೆಂದು ತಿಳಿದ ಕೂಡಲೆ ಹೊರಗೆ ನೆಗೆಯುವದು. ಬಹುದಿನ ಬೀಗ ಹಾಕಿದ್ದ ಮನೆಯ ಬಾಗಿಲನ್ನು ತೆರೆದವರ ಕಾಲಿಗೆ ಚಿಗಟಗಳು ಒಮ್ಮೆಲೇ ಮುತ್ತುವದರ ಮರ್ಮವಿದು.

ಇದಲ್ಲದೆ ಅವನು ಕೆಲವು ನಿಷೇಧಗಳನ್ನು ಒತ್ತಿ ಒತ್ತಿ ಹೇಳಿದನು. ತಂಬಾಕಿನ ನೀರಿನ ಮಾತಂತೂ ಮುಗಿಯಿತು. ನೆಲ ಒರೆಸುವ ಫಿನೈಲು ನಮಗೆ ಶುದ್ಧಿಯಾದರೆ ಬೆಕ್ಕಿಗೆ ವಿಷ. ಅದರ ಪಿತ್ತಜನಕಾಂಗಕ್ಕೆ ಆ ಜಾತಿಯ ವಸ್ತುಗಳನ್ನು ಅರಗಿಸುವ ಶಕ್ತಿಯಿಲ್ಲ. ನುಸಿಗುಳಿಗೆ, ಸೀಮೆಎಣ್ಣೆ, ತಿಳಿಮಾಡದ ಬೇವಿನ ಎಣ್ಣೆ ಇವೂ ಬೇಡ. ನಾಯಿಗಳಿಗಾಗಿ ಮಾಡಿದ ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬುದು ಇರುವದುಂಟು. ನಾಯಿಗೆ ಸೊಗಸಾಗಿ ಹಿಡಿಯುವ ಅದೇ ಔಷಧದಿಂದ ಬೆಕ್ಕು ಸೆಳವು ಬಂದು ಸಾಯುತ್ತದೆ. ಅಗ್ಗವೆಂದು ನಾಯಿಯ ಕೊಳವೆಯನ್ನು ತಂದು ಬೆಕ್ಕುಗಳಿಗೆ ಹಂಚುವವರು ಇದನ್ನು ನೆನಪಿಡಬೇಕು. ನಾವು ಚಿಕ್ಕವರಿದ್ದಾಗ ಮನೆಮನೆಯಲ್ಲಿ ಎರಚುತ್ತಿದ್ದ ಗ್ಯಾಮೆಕ್ಸೀನಿನ ಬಿಳಿ ಪುಡಿಯನ್ನು ಕೇಳಿದೆವು. ಅದರ ಮೂಲವಾದ ಬಿ.ಎಚ್.ಸಿ.ಯನ್ನು 1997ರಲ್ಲಿಯೇ ನಮ್ಮ ದೇಶದಲ್ಲಿ ನಿಷೇಧಿಸಿದ್ದಾರೆಂದು ನಕ್ಕನು. ರೊಕ್ಕ ಕಡಿಮೆಯಿದ್ದರೆ ಅದನ್ನು ತಾಯಿಬೆಕ್ಕೊಂದಕ್ಕೇ ಖರ್ಚು ಮಾಡಿರಿ. ಬೆಕ್ಕಿಗೆಂದೇ ಮಾಡಿದ ಫಿಪ್ರೋನಿಲ್ ಹನಿಯನ್ನು ತಿಂಗಳಿಗೊಮ್ಮೆಯಂತೆ ಮೂರು ಸಲ, ನಾಲಿಗೆ ನಿಲುಕದ ಕತ್ತಿನ ಹಿಂಭಾಗಕ್ಕೆ ಹಾಕಿರಿ. ಎಂಟು ವಾರ ತುಂಬದ ಮರಿಗಳಿಗೆ ಅದು ಬೇಡ, ಅವುಗಳಿಗೆ ಹಣಿಗೆಯೇ ಸಾಕು. ಉಳಿದ ತೊಂಬತ್ತೈದು ಪಾಲಿಗೆ ಅಂಗಡಿಯ ಔಷಧಿಯಲ್ಲ, ಮೈಮುರಿದು ದುಡಿಯುವದೇ ಔಷಧಿ. ಇಷ್ಟು ಹೇಳಿ ಜಂತುವಿನ ಗುಳಿಗೆಯನ್ನೂ ಬರೆದುಕೊಟ್ಟನು. ಚಿಗಟವನ್ನು ನುಂಗಿದ ಬೆಕ್ಕಿಗೆ ಲಾಡಿಹುಳವಾಗುವದಂತೆ, ಅಪರೂಪವಾಗಿ ಮಕ್ಕಳಿಗೂ.

ರಾಯಬಾಗದಿಂದ ಶೇಡಬಾಳಕ್ಕೆ ರೈಲಿನಲ್ಲಿ ಹೋದೆವು. ಚಿಂಚಲಿ, ಕುಡಚಿ ಕಳೆದು ಕೃಷ್ಣೆಯ ಸೇತುವೆ. ನೀರು ಮಣ್ಣಿನ ಬಣ್ಣದ್ದಾಗಿ ದಡದ ಜಾಲಿಗಳ ಕೊರಳವರೆಗೆ ನಿಂತಿತ್ತು. 2019ರ ಆಗಸ್ಟಿನಲ್ಲಿ ಇದೇ ನದಿಯು ಎಷ್ಟೋ ಹಳ್ಳಿಗಳ ಮನೆಯೊಳಗೆ ಬಂದು ಹೋಗಿದೆ. ಸೇತುವೆ ದಾಟುವವರೆಗೆ ಡಬ್ಬಿಯಲ್ಲಿ ಯಾರೂ ಮಾತಾಡಲಿಲ್ಲ. ಆಚೆಗೆ ಉಗಾರದ ಸಕ್ಕರೆ ಕಾರಖಾನೆ, ಕಬ್ಬು, ಮತ್ತೆ ಕಬ್ಬು. ಕಾಗವಾಡದ ಪುರಾತನ ಬಸದಿಯ ನೆಲಮಾಳಿಗೆಗೆ ಇಳಿದು ನೇಮಿನಾಥನ ದರ್ಶನ ಮಾಡಿದೆವು. ಈಗ ಹೆಸರು ಮಾತ್ರ ಉಳಿದಿರುವ ಯಾಪನೀಯ ಸಂಘದ ಗುರುಗಳನ್ನು ನೆನೆಯುವ 14ನೆಯ ಶತಮಾನದ ಶಾಸನವು ಅಲ್ಲಿರುವದನ್ನು ಪ್ರಾಚ್ಯವಿದ್ಯೆಯ ಅಭ್ಯಾಸಿಗಳು ಬಲ್ಲರು. ಪ್ರಾಕೃತ ಪಂಡಿತರಾದ ಆ. ನೇ. ಉಪಾಧ್ಯೆಯವರೂ ನಮ್ಮ ಸೀಮೆಯವರೇ, ಚಿಕ್ಕೋಡಿ ತಾಲೂಕಿನ ಸದಲಗಾ ಅವರ ಜನ್ಮಸ್ಥಳವೆಂದು ಹೇಳಿಕೊಳ್ಳುವದಕ್ಕೆ ನಮಗೆ ಯಾವಾಗಲೂ ಸಂತೋಷ.

ಶೇಡಬಾಳದಲ್ಲಿ ನಾವು ಇಳಿದುಕೊಂಡದ್ದು ಜೈನರ ಮನೆಯಲ್ಲಿ. ಎರಡು ಬೆಕ್ಕುಗಳು ಜಗಲಿಯ ಮೇಲೆ ಮಲಗಿದ್ದವು. ನಮ್ಮ ಧೋತರ ಮಾತ್ರ ಶುಭ್ರವಾಗಿಯೇ ಉಳಿಯಿತು. ನದಿಯ ಹತ್ತಿರದ ತೇವದ ಊರಿನಲ್ಲಿ ಇದು ಹೇಗೆಂದು ವಿಸ್ಮಯಪಟ್ಟು ಕೇಳಿದೆವು. ಇರುವೆಯನ್ನೂ ಕೊಲ್ಲದ ಈ ಜನರು ಚಿಗಟಕ್ಕೆ ಏನು ಮಾಡುತ್ತಾರೆ? ಮನೆಯ ಹಿರಿಯ ತಾಯಿಯವರು, ಎಂಬತ್ತು ದಾಟಿದವರು, ಸ್ವಲ್ಪ ನೊಂದವರಂತೆಯೇ ಉತ್ತರ ಕೊಟ್ಟರು: “ಹುಟ್ಟಿದ್ದನ್ನು ಕೊಲ್ಲಬೇಕಾಗಿ ಬಂತೆಂದರೆ ಮನೆಯವಳು ಮೊದಲೇ ಸೋತಳು ಎಂದರ್ಥ. ಹುಟ್ಟದಂತೆ ನೋಡಿಕೊಳ್ಳುವದು ನಮ್ಮ ಕೆಲಸ.” ಅವರ ಶಾಸ್ತ್ರದಲ್ಲಿ ಬೇಕೆಂದು ಮಾಡುವ ಸಂಕಲ್ಪೀ ಹಿಂಸೆ ಬೇರೆ, ಮನೆವಾರ್ತೆಯಲ್ಲಿ ತಪ್ಪದೆ ಆಗುವ ಆರಂಭೀ ಹಿಂಸೆ ಬೇರೆ, ಎರಡನೆಯದನ್ನೂ ಕಡಿಮೆ ಮಾಡಬೇಕೆಂಬ ಹಟದಿಂದ ಆ ಮನೆಯ ನೆಲವು ಕನ್ನಡಿಯಂತಿತ್ತು. ಬೆಕ್ಕುಗಳಿಗೆ ಮಲಗಲು ಒಂದೇ ಸ್ಥಳ, ಒಂದೇ ದಪ್ಪ ಬಟ್ಟೆ. ಅದನ್ನು ನಾಲ್ಕು ದಿನಕ್ಕೊಮ್ಮೆ ಹೊರಗೆ ಜಾಡಿಸಿ ಬಿಸಿಲಿಗೆ ಹಾಕುವರು. ಪರಸಿಯ ಸಂದುಗಳೆಲ್ಲ ಸಿಮೆಂಟಿನಿಂದ ಮುಚ್ಚಿದ್ದವು. ಕಸಬರಿಗೆಯು ಮೂಲೆಯಿಂದ ಹೊರಟು ಪೆಟ್ಟಿಗೆಯ ಹಿಂದೆ, ಮಂಚದ ಅಡಿ, ಹೊಸ್ತಿಲಿನ ಸಂದಿಯವರೆಗೆ ಎರಡು ಹೊತ್ತು ತಿರುಗುತ್ತಿತ್ತು. ದಿಗಂಬರ ಮುನಿಗಳು ಕುಳಿತುಕೊಳ್ಳುವ ಮೊದಲು ನವಿಲುಗರಿಯ ಪಿಂಛಿಯಿಂದ ನೆಲವನ್ನು ಮೆಲ್ಲಗೆ ಸವರುವದನ್ನು ಆ ತಾಯಿಯವರು ಬಾಲ್ಯದಿಂದ ಕಂಡವರು. ಅವರು ಕಸ ಹೊಡೆಯುವ ರೀತಿಯಲ್ಲಿಯೂ ಅದರ ಛಾಯೆ ಇತ್ತು. ಕಸಬರಿಗೆಗೆ ಸಂಸ್ಕೃತದಲ್ಲಿ ಮಾರ್ಜನಿ ಎಂದು ಹೆಸರು. ಮಾರ್ಜಾರಕ್ಕೂ ಮಾರ್ಜನಿಗೂ ಧಾತು ಒಂದೇ. ಇದನ್ನು ನಾವು ಅವರಿಗೆ ಹೇಳಲು, “ಹೌದೇ?” ಎಂದು ಕೇಳಿ, ಕಸ ಹೊಡೆಯುವದನ್ನು ಮುಂದುವರಿಸಿದರು.

ಅಥಣಿಯಲ್ಲಿ ವಿಷಯವು ಇನ್ನೊಂದು ಬಗೆ. ಅಲ್ಲಿಯ ಗಾಳಿಯೇ ಒಣದು. ಗಚ್ಚಿನಮಠದಲ್ಲಿ 1921ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳ ಗದ್ದಿಗೆಗೆ ಕೈಮುಗಿದು, ಚಮ್ಮಾರಿಕೆಯ ಮನೆಯೊಂದಕ್ಕೆ ಹೋದೆವು. ಕೊಲ್ಹಾಪುರಿ ಎಂಬ ಹೆಸರಿನಿಂದ ಮಾರುವ ಚಪ್ಪಲಿಗಳನ್ನು ಅಥಣಿಯಲ್ಲಿಯೂ ನಿಪ್ಪಾಣಿಯಲ್ಲಿಯೂ ಹೊಲಿಯುತ್ತಾರೆ. ಈಚೆಗೆ ಸಿಕ್ಕ ಭೌಗೋಲಿಕ ಗುರುತಿನ ಹಕ್ಕಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಪಾಲು ದೊರೆತಿದೆ. ತೊಗಲನ್ನು ಕಚ್ಚಲು ಇಲಿಗಳು ಬರುವವೆಂದು ಆ ಮನೆಯಲ್ಲಿ ನಾಲ್ಕು ಬೆಕ್ಕುಗಳು. ಆದರೆ ಚಿಗಟದ ಕಾಟವಿಲ್ಲ. ಮಳೆ ಹಿಡಿದಾಗ ಎಂಟು ದಿನ ಕಾಣಿಸಿ ಹೋಗುತ್ತವೆ ಎಂದರು. ರಾಯಬಾಗದ ಪಾಠವನ್ನು ಕೇಳಿದ್ದ ನಮಗೆ ಇದು ತಿಳಿಯಿತು. ಚಿಗಟದ ಹುಳವು ಗಾಳಿಯ ತೇವಾಂಶವು ನೂರಕ್ಕೆ ಐವತ್ತಕ್ಕಿಂತ ಕೆಳಗಿಳಿದರೆ ಒಣಗಿ ಸಾಯುತ್ತದೆ. 35 ಡಿಗ್ರಿಯನ್ನು ಮೀರಿದ ಬಿಸಿಯನ್ನೂ ತಾಳದು. ಅಥಣಿಯ ಬಿಸಿಲು ಪುಕ್ಕಟೆಯಾಗಿ ಮಾಡುವ ಕೆಲಸವನ್ನು ನಿಪ್ಪಾಣಿಯಲ್ಲಿ ಕೈಯಿಂದ ಮಾಡಬೇಕು. ಪ್ರತಿದಿನ ನೆಲವನ್ನು ನೀರು ಹೊಯ್ದು ತೊಳೆದೆನೆಂದು ಅಕ್ಕನು ಹೆಮ್ಮೆಯಿಂದ ಹೇಳಿದ್ದಳು. ಪಾಪ, ಆ ತೇವವೇ ಹುಳಗಳಿಗೆ ತೊಟ್ಟಿಲಾಗಿತ್ತು!

ಮರಳಿ ನಿಪ್ಪಾಣಿಗೆ ಬಂದಾಗ ಚೀಲವು ಬಾಗಿಲ ಹಿಂದೆಯೇ ಇತ್ತು. ಮರುದಿನದಿಂದ ನಾವೂ ಅಕ್ಕನೂ ಸೊಂಟ ಕಟ್ಟಿದೆವು. ಪಡಸಾಲೆಯ ಬಿರುಕುಗಳಿಗೆ ಜರಡಿ ಹಿಡಿದ ಕೆಮ್ಮಣ್ಣನ್ನು ಸೆಗಣಿಯೊಡನೆ ಕಲಸಿ ತುಂಬಿ, ಬಿಸಿಲು ಬಿದ್ದ ದಿನ ಮಾತ್ರ ಸಾರಿಸಿದೆವು. ಪರಸಿಯ ಸಂದುಗಳಿಗೆ ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರಿಂದ ಬೇಡಿ ತಂದ ಒಂದು ಬುಟ್ಟಿ ಸಿಮೆಂಟು. ಅದಕ್ಕೆ ಮೊದಲು ಮನೆಯ ಸಾಮಾನುಗಳನ್ನೆಲ್ಲ ಹೊರಗೆ ಹಾಕಿ ಸಂದುಸಂದಿಯ ಧೂಳನ್ನು ಕೆರೆದು ತೆಗೆದೆವು. ಗುಡಿಸಿದ ಕಸವನ್ನು ಹಿತ್ತಲಿಗೆ ಚೆಲ್ಲದೆ ಸಾಬೂನಿನ ನೀರಿನ ಬಕೆಟ್ಟಿಗೆ ಹಾಕುವದು. ಇಲ್ಲದಿದ್ದರೆ ಹೋದದ್ದು ಸಂಜೆಗೆ ತಿರುಗಿ ಬರುತ್ತದೆ. ಹಾಸಿಗೆಯ ಬಟ್ಟೆ, ಕೂಸಿನ ಕೌದಿ, ಬೆಕ್ಕಿನ ಗೋಣಿತಟ್ಟು ಇವುಗಳಿಗೆ ವಾರಕ್ಕೊಮ್ಮೆ ಕುದಿಯುವ ನೀರು. ಬಿಸಿಲು ಕಾಣದ ದಿನ ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸಿದೆವು. ಇಲಿಯ ಬಿಲಗಳನ್ನು ಗಾಜಿನ ಚೂರು ಬೆರೆಸಿದ ಮಣ್ಣಿನಿಂದ ಮುಚ್ಚಿದೆವು.

ತಾಯಿಬೆಕ್ಕಿಗೆ ಹನಿ ಹಾಕಿ, ಅದು ಒಣಗುವವರೆಗೆ ಮರಿಗಳಿಂದ ಬೇರೆ ಇಟ್ಟೆವು. ಮರಿಗಳದ್ದು ಕೂಸಿನ ಪಾಲಿನ ಕೆಲಸ. ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆಯಿಂದ ಕೊರಳು, ಬಾಲದ ಬುಡ, ಹೊಟ್ಟೆ ಇವುಗಳನ್ನು ಅಕ್ಕನು ಬಾಚುವಳು. ಕೂಸು ಸಾಬೂನಿನ ನೀರಿನ ಬಟ್ಟಲನ್ನು ಹಿಡಿದು ಕೂಡುವದು. ಬರಿಯ ನೀರಿನಲ್ಲಿ ಚಿಗಟವು ತೇಲಿ ಹಾರಿ ಹೋಗುತ್ತದೆ, ಸಾಬೂನು ಬೆರೆತರೆ ಮುಳುಗುತ್ತದೆ. ಒಮ್ಮೆ ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ಮರಿಗಳಿಗೆ ಸ್ನಾನ ಮಾಡಿಸಿದೆವು. ಮೊದಲು ಕೊರಳ ಸುತ್ತ ನೊರೆಯ ಕಟ್ಟೆ ಕಟ್ಟಬೇಕು. ಇಲ್ಲವಾದರೆ ಚಿಗಟಗಳೆಲ್ಲ ಕಿವಿ ಕಣ್ಣುಗಳ ಕಡೆಗೆ ಓಡುತ್ತವೆ. ಚೆನ್ನಾಗಿ ತೊಳೆದು, ಒರೆಸಿ, ಒಲೆಯ ಮುಂದೆ ಬೆಚ್ಚಗಿಟ್ಟೆವು. ಕೂಸು ನಮ್ಮ ಕೈಗೆ ಮರಿಯನ್ನು ಕೊಡಲಿಲ್ಲ. ನಾವೂ ಕೇಳಲಿಲ್ಲ.

ರಾತ್ರಿ ಪಡಸಾಲೆಯ ನಡುವೆ ಸಾಬೂನು ನೀರಿನ ಅಗಲವಾದ ತಾಟು, ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಸಣ್ಣ ವಿದ್ಯುದ್ದೀಪ. ಬೆಕ್ಕುಗಳು ಬೇರೆ ಕೋಣೆಯಲ್ಲಿ. ಬೆಳಕಿಗೂ ಬಿಸಿಗೂ ನೆಗೆದ ಚಿಗಟಗಳು ತಾಟಿನಲ್ಲಿ ಬೀಳುವವು. ಇದರಿಂದ ಚಿಗಟಗಳ ನಿರ್ಮೂಲನವಾಗದು, ಆದರೆ ಲೆಕ್ಕ ಸಿಗುತ್ತದೆ. ಭಾವನವರು ತಮ್ಮ ಹಳೆಯ ಲೆಕ್ಕದ ವಹಿಯನ್ನು ತೆಗೆದು ಪ್ರತಿದಿನ ಬೆಳಿಗ್ಗೆ ಎಣಿಸಿ ಬರೆಯತೊಡಗಿದರು. ಮೊದಲ ಬೆಳಿಗ್ಗೆ 41. ನಂತರ 37, 30, 22. ಎಂಟನೆಯ ದಿನಕ್ಕೆ 9. ಎಲ್ಲರೂ ನಕ್ಕರು. ಹನ್ನೆರಡನೆಯ ದಿನ ಮತ್ತೆ 34!

ಆ ಬೆಳಿಗ್ಗೆ ಭಾವನವರು ಏನೂ ಮಾತಾಡದೆ ಎದ್ದು ಹೋಗಿ ಚೀಲವನ್ನು ತಂದು ಹೊಸ್ತಿಲ ಮೇಲೆ ಇಟ್ಟರು. ಗಡುವು ಮುಗಿಯಲು ಎರಡೇ ದಿನ. ಅಕ್ಕನು ನಮ್ಮ ಮುಖವನ್ನು ನೋಡಿದಳು. ನಮಗೂ ಎದೆ ಕುಸಿದಿತ್ತು. ರಾಯಬಾಗಕ್ಕೆ ದೂರವಾಣಿ ಮಾಡಿ ಕೇಳಲು, ಶಿಷ್ಯನು, “ಇವು ಹೊಸ ತತ್ತಿಯವಲ್ಲ, ಗೂಡಿನಲ್ಲಿ ಕಾಯುತ್ತಿದ್ದವು. ಗೂಡನ್ನು ಔಷಧಿಯೂ ಮುಟ್ಟದು. ಅವು ಹೊರಗೆ ಬರಲಿ. ಬಂದು ತಾಯಿಬೆಕ್ಕಿನ ಮೈಯೇರಿದರೆ ತತ್ತಿ ಇಡುವ ಮೊದಲೇ ಸಾಯುತ್ತವೆ. ಕಸ ಹೊಡೆಯುವದನ್ನು ಮಾತ್ರ ಬಿಡಬೇಡಿರಿ, ಆ ಸಪ್ಪಳಕ್ಕೇ ಗೂಡಿನಿಂದ ಏಳುತ್ತವೆ” ಎಂದನು. ಇದನ್ನು ಭಾವನವರಿಗೆ ಕಥೆಯ ರೂಪದಲ್ಲಿ ಹೇಳಲಿಲ್ಲ, ಲೆಕ್ಕದ ರೂಪದಲ್ಲಿ ಹೇಳಿದೆವು: ಹಳೆಯ ಬಾಕಿ ವಸೂಲಾಗುತ್ತಿದೆ, ಹೊಸ ಸಾಲ ಆಗುತ್ತಿಲ್ಲ. ಅವರು ಬಹಳ ಹೊತ್ತು ವಹಿಯನ್ನು ನೋಡಿ, ಹಾಗಾದರೆ ಮಾಸಾಂತ್ಯದವರೆಗೆ ನೋಡೋಣವೆಂದರು.

ಮಾಸಾಂತ್ಯಕ್ಕೆ 6. ಆ ಮೇಲೆ ದಿನಕ್ಕೊಂದೆರಡು. ಎಂಟನೆಯ ವಾರದಲ್ಲಿ ತಾಟಿನಲ್ಲಿ ಬಿದ್ದದ್ದು ಒಂದು ಪತಂಗ. ಅಷ್ಟರಲ್ಲಿ ನಾವು ಚಿಕ್ಕೋಡಿಗೆ ಬಂದಿದ್ದೆವು. ಈ ಅಂಕಿಗಳನ್ನು ಭಾವನವರೇ ಪತ್ರದಲ್ಲಿ ಬರೆದು ಕಳಿಸಿದರು. ಖರ್ಚಿನ ಪಟ್ಟಿಯನ್ನೂ ಕೆಳಗೆ ಕೊಟ್ಟಿದ್ದರು: ಹನಿಯ ಕೊಳವೆ ಮೂರಕ್ಕೆ 900 ರೂಪಾಯಿ, ಸಾಬೂನು ಹಣಿಗೆ ಗುಳಿಗೆ ಕೂಡಿ 180, ಸಿಮೆಂಟು ಧರ್ಮಾರ್ಥ. ಮರಿಗಳಲ್ಲಿ ಒಂದನ್ನು ನೆರೆಯವರು ಒಯ್ದರಂತೆ. ಕೂಸಿನ ಕಾಲು ಮಾಯ್ದಿದೆಯೆಂದು ಅಕ್ಕನು ಬದಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದಳು.

ನಾವು ನಿಪ್ಪಾಣಿಯಿಂದ ಹೊರಟು ಮನೆಗೆ ಬಂದ ದಿನದ್ದು ಒಂದು ಮಾತು ಉಳಿಯಿತು. ಬಾಗಿಲು ತಟ್ಟಿದ ಕೂಡಲೆ ಮನೆಯವರು ನಮ್ಮನ್ನು ಕಟ್ಟೆಯ ಮೇಲೆಯೇ ನಿಲ್ಲಿಸಿ, ಗಂಟನ್ನು ಬಿಚ್ಚಿಸಿ, ಧೋತರ ಅಂಗಿಗಳನ್ನೆಲ್ಲ ಕುದಿಯುವ ನೀರಿನ ಹಂಡೆಗೆ ಹಾಕಿಸಿ, ಸ್ನಾನವಾದ ಮೇಲೆಯೇ ಒಳಗೆ ಬಿಟ್ಟರು. ನಮ್ಮ ಮನೆಯಲ್ಲಿಯೂ ಒಂದು ಬೆಕ್ಕಿದೆ.